ಕೊನೇ ಚರಣ ಯಾಕೆ ಕತ್ತರಿಸ್ತೀರಿ?

ಕಾಲೇಜು ಫೆಸ್ಟುಗಳಲ್ಲಿ ‘ಜಾನಪದ ಗೀತೆ’ ಅಂತ ಅನೌನ್ಸ್ ಆಗುವ ಎಷ್ಟೋ ಹಾಡುಗಳು ಜಾನಪದ ಗೀತೆಗಳಲ್ಲ. ಅವನ್ನು ಬರೆದವರಿದ್ದಾರೆ. ಬರೆದವರಿಗೆ ಹೆಸರಿದೆ, ಊರಿದೆ, ಹುಟ್ಟಿದ ವರ್ಷ ಇದೆ, ತೀರಿಕೊಂಡ ವರ್ಷವೂ ಇದೆ. ಅದನ್ನು ಹುಡುಕೋಕೆ ಲೈಬ್ರರಿಗೂ ಹೋಗಬೇಕಾಗಿಲ್ಲ. ಗುರುತು ಹಾಡಿನ ಒಳಗೇ ಇದೆ, ಕೊನೇ ಚರಣದಲ್ಲಿ. ಈ ಲೇಖನದಲ್ಲಿ ನಾವು ಕೇಳುತ್ತಿರೋದು ಇಷ್ಟೇ: ದಯವಿಟ್ಟು ಆ ಕೊನೇ ಚರಣ ಹಾಡಿ.

ವೇದಿಕೆ ಮೇಲೆ ಏನಾಗುತ್ತೆ ಅಂತ ನಿಮಗೂ ಗೊತ್ತು. ಗುಂಪು ಗಾಯನಕ್ಕೆ ಐದಾರು ನಿಮಿಷ ಕೊಟ್ಟಿರ್ತಾರೆ. ಗಿಟಾರು, ಕೀಬೋರ್ಡು, ಒಂದು ಡೋಲಕ್. ಶಿಶುನಾಳ ಶರೀಫರ ಹಾಡು ಶುರುವಾಗುತ್ತೆ. ಪಲ್ಲವಿ ಮೂರು ಸಲ, ಒಂದು ಚರಣ, ಮತ್ತೆ ಪಲ್ಲವಿ, ಆಮೇಲೆ ಸ್ಪೀಡು ಜಾಸ್ತಿ, ಚಪ್ಪಾಳೆ, ಶಿಳ್ಳೆ, ಮುಗೀತು. ಆಂಕರ್ ಬಂದು ಎಂಥಾ ಚೆಂದದ ಫೋಕ್ ಸಾಂಗ್ ಅಂತಾರೆ. ಅದೇ ವೇದಿಕೆಗೆ ಮುಂದಿನ ಹುಡುಗ ಬಂದು ಇಂಗ್ಲಿಷ್ ಹಾಡು ಹಾಡುವಾಗ ಮಾತ್ರ ಇದು ಬಾಬ್ ಡಿಲನ್ ಅವರದ್ದು ಅಂತ ತಾನಾಗೇ ಹೇಳಿ ಶುರು ಮಾಡ್ತಾನೆ. ಡಿಲನ್‌ಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬಂದಿದ್ದೂ ಅವನಿಗೆ ಗೊತ್ತು. ಅವರು ಸಿಂಗರ್-ಸಾಂಗ್‌ರೈಟರ್. ನಮ್ಮವರು ಬರೀ ಫೋಕ್. ಈ ತಾರತಮ್ಯ ಯಾಕೆ?

ಮೊಬೈಲಲ್ಲಿ ಇನ್ನೂ ಕಷ್ಟ. ರೀಲ್ಸ್ ಅಂದ್ರೆ ಮೂವತ್ತು ಸೆಕೆಂಡಿನ ಲೆಕ್ಕ. ಅಷ್ಟರಲ್ಲಿ ಪಲ್ಲವಿ ಮಾತ್ರ ಹಿಡಿಸುತ್ತೆ. ಹಾಡಿನ ತಲೆ ಸಿಗುತ್ತೆ, ಸಹಿ ಬಿದ್ದುಹೋಗುತ್ತೆ. ಒಂದೇ ಪಲ್ಲವಿಯನ್ನು ಸಾವಿರ ಜನ ರೀಲ್ಸ್ ಮಾಡಿದ ಮೇಲೆ ಆ ಹಾಡಿಗೆ ಅಪ್ಪ-ಅಮ್ಮ ಇಲ್ಲದಂತೆ ಆಗಿಬಿಡುತ್ತೆ. ಕೊನೆಗೆ ಅದರ ಕೆಳಗೆ ‘ಟ್ರೆಡಿಷನಲ್’ ಅಂತ ಬರೆದು ಕೈ ತೊಳ್ಕೊಳ್ತಾರೆ.

ಸಹಿ ಅಂತ ಯಾಕೆ ಅಂದ್ವಿ ಅಂದ್ರೆ, ಕನ್ನಡದಲ್ಲಿ ಅದಕ್ಕೆ ಸರಿಯಾದ ಹೆಸರೇ ಇದೆ: ಅಂಕಿತ. ನಮ್ಮ ಥರ ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕನ್ನಡವನ್ನು ಬರೀ ಒಂದು ಸಬ್ಜೆಕ್ಟ್ ಆಗಿ ಕಲಿತವರಿಗೂ ಇದು ಗೊತ್ತಿರಲೇಬೇಕು. ಬಸವಣ್ಣನವರ ಅಂಕಿತನಾಮ ಯಾವುದು ಅನ್ನೋದು ಒಂದು ಮಾರ್ಕಿನ ಪ್ರಶ್ನೆ. ಕೂಡಲಸಂಗಮದೇವ ಅಂತ ಬರೆದು ಮಾರ್ಕು ತಗೊಂಡು ಬಂದಿರೋರು ನಾವೆಲ್ಲ. ಅಕ್ಕಮಹಾದೇವಿ ಅಂದ್ರೆ ಚೆನ್ನಮಲ್ಲಿಕಾರ್ಜುನ, ಪುರಂದರದಾಸರು ಅಂದ್ರೆ ಪುರಂದರವಿಠಲ. ಪರೀಕ್ಷೆಯಲ್ಲಿ ಮಾರ್ಕು ಕೊಟ್ಟಿದ್ದ ಅದೇ ಅಂಕಿತ ವೇದಿಕೆಗೆ ಬಂದಾಗ ಟೈಮ್ ವೇಸ್ಟ್ ಹೇಗಾಗುತ್ತೆ?

ನಮ್ಮ ಭಾಷೇಲೇ ಹೇಳೋದಾದ್ರೆ ಅಂಕಿತ ಅಂದ್ರೆ ಮೆಟಾಡೇಟಾ. ಫೋಟೋ ಫೈಲಿನ ಒಳಗೇ ಅದು ಯಾವ ಕ್ಯಾಮೆರಾದಲ್ಲಿ, ಯಾವ ದಿನ ತೆಗೆದಿದ್ದು ಅನ್ನೋ ಮಾಹಿತಿ ಕೂತಿರುತ್ತಲ್ಲ, ಹಾಗೆ. ಗಿಟ್‌ನಲ್ಲಿ ಕಮಿಟ್ ಮಾಡಿದವರ ಹೆಸರು ದಾಖಲಾಗುತ್ತಲ್ಲ, ಹಾಗೆ. ಪುಸ್ತಕ ಅಚ್ಚಾಗದ, ರೆಕಾರ್ಡಿಂಗ್ ಇಲ್ಲದ ಕಾಲದಲ್ಲಿ ಹಾಡು ಬಾಯಿಂದ ಬಾಯಿಗೆ ಹೋಗಬೇಕು. ಜೊತೆಗೆ ಯಾವ ಚೀಟಿಯೂ ಹೋಗಲ್ಲ. ಆದ್ದರಿಂದ ಗುರುತನ್ನು ಹಾಡಿನ ಒಳಗೇ, ತಾಳಕ್ಕೆ ಸರಿಯಾಗಿ ಕೂರಿಸಿಬಿಟ್ಟರು. ಹಾಡಿದವರು ಓದು ಬಾರದವರಾದ್ರೂ ಪರವಾಗಿಲ್ಲ, ಹಾಡು ಮುಗಿಯೋ ಹೊತ್ತಿಗೆ ಗುರುತೂ ಬಂದೇ ಬರುತ್ತೆ. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಡಿಸೈನ್ ಅನ್ನು ಎಂಜಿನಿಯರಿಂಗ್ ಓದೋ ನಾವೇ ಮೆಚ್ಚದಿದ್ರೆ ಇನ್ಯಾರು ಮೆಚ್ಚಬೇಕು?

ಶರೀಫರನ್ನೇ ನೋಡಿ. ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ. ತಂದೆ ಇಮಾಮ್ ಸಾಹೇಬರು. ಗುರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ಮುಸ್ಲಿಂ ಹುಡುಗನನ್ನು ಶಿಷ್ಯ ಅಂತ ಒಪ್ಪಿಕೊಂಡಿದ್ದಕ್ಕೆ ಗುರುವಿಗೂ ಮಾತು ಬಂತು, ಶಿಷ್ಯನಿಗೂ ಮಾತು ಬಂತು. ಶರೀಫರು ಕೆಲಕಾಲ ಶಾಲೆ ಮಾಸ್ತರಿಕೆ ಮಾಡಿ ಬಿಟ್ಟರು. 1889ರಲ್ಲಿ ತೀರಿಕೊಂಡರು. ಅವರ ಅಂಕಿತದಲ್ಲಿ ಊರಿನ ಹೆಸರೇ ಇದೆ: ಶಿಶುನಾಳಧೀಶ, ಅಂದ್ರೆ ಶಿಶುನಾಳದ ಒಡೆಯ. ತನ್ನ ಹೆಸರಿನ ಜಾಗದಲ್ಲಿ ತನ್ನ ಊರ ದೇವರ ಹೆಸರಿಟ್ಟು ಹಾಡು ಕಟ್ಟಿದ ಮನುಷ್ಯ ಅವರು. ಆ ಪದ ಕತ್ತರಿಸಿದ್ರೆ ಹೋಗೋದು ಕವಿ ಒಬ್ಬರೇ ಅಲ್ಲ, ಒಂದು ಊರು.

ಅವರ ಹಾಡುಗಳಲ್ಲಿ ಏನಿದೆ? ಹಳ್ಳಿ ಮನೆಯಲ್ಲಿ ಕೈಗೆ ಸಿಗೋದೆಲ್ಲ ಇದೆ. ಮಳೆಗೆ ಸೋರುವ ಮಾಳಿಗೆ, ಕೋಳಿ, ಹುಕ್ಕಾ, ತಂಬೂರಿ. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಗೊತ್ತು, ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಹಾಕಿ ಸರಿ ಮಾಡದಿದ್ರೆ ರಾತ್ರಿಯೆಲ್ಲ ಪಾತ್ರೆ ಇಟ್ಕೊಂಡು ಕೂರಬೇಕು. ಆ ಸೋರಿಕೆಯನ್ನೇ ಹಿಡಿದು ಅವರು ನೋಡಿಕೊಳ್ಳುವವರಿಲ್ಲದ ಮನಸ್ಸಿನ ಬಗ್ಗೆ ಹಾಡು ಕಟ್ಟಿದರು. ಊರ ಕಡೆ ಹೊಸದಾಗಿ ಬಂದ ಗಿರಣಿ ನೋಡಿ ಅದರ ಮೇಲೂ ತತ್ವಪದ ಕಟ್ಟಿದರು. ಇದನ್ನು ಓದುತ್ತಿರೋ ಮೆಕ್ಯಾನಿಕಲ್ ಬ್ರಾಂಚಿನವರೇ, ನೂರಮೂವತ್ತು ವರ್ಷಕ್ಕೂ ಹಿಂದೆ ಒಂದು ಯಂತ್ರ ನೋಡಿ ಅದರಲ್ಲಿ ಮನುಷ್ಯನ ಬದುಕಿನ ಅರ್ಥ ಹುಡುಕಿದವರು ನಿಮ್ಮ ಪೈಕಿಯವರೇ.

ಅಮೆರಿಕದ ಬ್ಲೂಸ್ ಬಗ್ಗೆ ನಮ್ಮ ಹಾಸ್ಟೆಲಿನ ಗಿಟಾರಿನವರು ಗಂಟೆಗಟ್ಟಲೆ ಮಾತಾಡ್ತಾರೆ. ಮಾತಾಡಲಿ, ಅದು ದೊಡ್ಡ ಸಂಗೀತ. ಮಿಸಿಸಿಪ್ಪಿ ಕಡೆಯ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ನೋವಿಂದ ಹುಟ್ಟಿದ್ದು. ಅಲ್ಲಿ ರೈಲು, ಹೊಲ, ನೆರೆ, ಸಾಲ, ಬಿಟ್ಟುಹೋದ ಹೆಂಡತಿ ಎಲ್ಲಾ ಹಾಡಾಗುತ್ತೆ. ಶರೀಫರದ್ದು ಬ್ಲೂಸ್ ಅಲ್ಲ, ತತ್ವಪದ. ಅದರ ಗುರಿ ಬೇರೆ, ಗುರುಪರಂಪರೆ ಬೇರೆ. ಆದ್ರೆ ಕೆಲಸದ ರೀತಿ ಒಂದೇ: ಕಣ್ಣೆದುರಿನ ವಸ್ತು ತಗೋ, ಊರಿನ ಮಾತಲ್ಲೇ ಹೇಳು, ನಾಲ್ಕು ಜನ ಜೊತೆಗೂಡಿ ಹಾಡೋ ಹಾಗೆ ಕಟ್ಟು. ಅಲ್ಲಿನವರನ್ನು ಸಾಂಗ್‌ರೈಟರ್ ಅನ್ನೋದಾದ್ರೆ ಇಲ್ಲಿನವರನ್ನೂ ಹಾಗೇ ಅನ್ನಬೇಕು.

ಶರೀಫರ ಪುಣ್ಯ, ಅವರ ಹೆಸರು ಉಳಿಸಿದ ಜನ ಬಂದರು. ಸಿ. ಅಶ್ವಥ್ ಹಾಡಿದರು. 1990ರಲ್ಲಿ ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಶರೀಫ’ ಸಿನಿಮಾ ಮಾಡಿದರು, ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್. ರಾಷ್ಟ್ರೀಯ ಭಾವೈಕ್ಯದ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ರಘು ದೀಕ್ಷಿತ್ ಅವೇ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರಿನ ಜೊತೆ ನಮ್ಮ ತಲೆಮಾರಿಗೆ ತಂದರು. ಇಷ್ಟಾದ ಮೇಲೂ ಶರೀಫರಿಗೇ ಫೆಸ್ಟಿನಲ್ಲಿ ಈ ಗತಿಯಾದ್ರೆ, ಸಿನಿಮಾ ಇಲ್ಲದವರ ಗತಿ ಏನು?

ಅಂಥವರೊಬ್ಬರು ನಮ್ಮ ಪಕ್ಕದಲ್ಲೇ ಇದ್ದಾರೆ. ಹರಪನಹಳ್ಳಿ ಭೀಮವ್ವ. ಈ ಹೆಸರು ಕೇಳಿದ್ದೀರಾ? ಹುಟ್ಟಿದ್ದು 1823, ಶರೀಫರಿಗಿಂತ ನಾಲ್ಕೇ ವರ್ಷ ಚಿಕ್ಕವರು. ತೀರಿಕೊಂಡಿದ್ದು 1903. ಹುಟ್ಟೂರು ಹೊಸಪೇಟೆ ಕಡೆಯ ನಾರಾಯಣದೇವರಕೆರೆ, ಮದುವೆಯಾಗಿ ಹೋಗಿದ್ದು ಹರಪನಹಳ್ಳಿಗೆ. ಚಿಕ್ಕ ಹುಡುಗಿಯಾಗಿದ್ದಾಗಲೇ, ತನಗಿಂತ ಎಷ್ಟೋ ದೊಡ್ಡವರ ಜೊತೆ ಮದುವೆ. ಗಂಡನನ್ನು ಬೇಗನೇ ಕಳೆದುಕೊಂಡರು. ಆ ಕಾಲದಲ್ಲಿ ಅಂಥ ಹೆಣ್ಣುಮಗಳಿಗೆ ಹೊರಗಿನ ದಾರಿ ಎಲ್ಲಾ ಮುಚ್ಚಿರುತ್ತಿತ್ತು. ಆಕೆ ಒಳಗೇ ಕೂತು ಹಾಡು ಕಟ್ಟಿದರು. ದೇವರ ನಾಮಗಳು, ಮನೆಯಲ್ಲಿ ಹೆಂಗಸರು ಹೇಳುವ ಹಾಡುಗಳು, ಪುರಾಣದ ಕಥೆ ಹೇಳುವ ಉದ್ದುದ್ದ ಹಾಡುಗಳು. ಶರೀಫರದ್ದು ಕಟ್ಟೆ, ಮಠ, ಬಯಲು. ಭೀಮವ್ವನವರದ್ದು ನಡುಮನೆ, ದೇವರ ಮನೆ. ಅವರ ಅಂಕಿತ ಭೀಮೇಶಕೃಷ್ಣ.

ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ. ಭೀಮವ್ವನವರ ಹುಟ್ಟೂರು ನಾರಾಯಣದೇವರಕೆರೆಯಂತೂ ತುಂಗಭದ್ರಾ ಡ್ಯಾಮಿನ ನೀರಲ್ಲಿ ಮುಳುಗಿಹೋಯಿತು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದರು. ಊರಿಲ್ಲ, ಜಿಲ್ಲೆ ಅದಲುಬದಲಾಯಿತು, ಆದ್ರೆ ಹಾಡಿನ ಕೊನೆಯಲ್ಲಿ ಭೀಮೇಶಕೃಷ್ಣ ಅಂತ ಬಂದ್ರೆ ಇಂದಿಗೂ ಇದು ಆಕೆಯದ್ದು ಅಂತ ಹೇಳಬಹುದು. ಯಾವ ಸರ್ಕಾರಿ ದಾಖಲೆಗಿಂತ ಅಂಕಿತ ಗಟ್ಟಿ ಅಲ್ವಾ? ಆ ಪದವನ್ನೂ ಬಿಟ್ಟುಬಿಟ್ಟರೆ ಆಕೆ ಎರಡನೇ ಸಲ ಮುಳುಗುತ್ತಾರೆ. ಈ ಸಲ ಮುಳುಗಿಸೋದು ಡ್ಯಾಮ್ ಅಲ್ಲ.

ಇದನ್ನು ನಾವು ಇಷ್ಟು ಜೋರಾಗಿ ಹೇಳೋಕೆ ಕಾರಣ ಇದೆ. ನಮ್ಮ ಗುಂಪಿನ ಬೇರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರದಲ್ಲಿದೆ. ಅಲ್ಲಿ ನೀರು ಅಂದ್ರೆ ಬೇರೆಯೇ ಅರ್ಥ. ಡ್ಯಾಮು ಮುಗಿದಿದ್ದು 1953ರಲ್ಲಿ, ನಾವು ಹುಟ್ಟೋಕೆ ಅರ್ಧ ಶತಮಾನ ಮುಂಚೆ. ಆದ್ರೂ ಹಿರಿಯರ ಮಾತಲ್ಲಿ ಮುಳುಗಡೆ ಅನ್ನೋ ಪದ ನಿನ್ನೆ ಮೊನ್ನೆ ಆದ ಹಾಗೆ ಬರುತ್ತೆ. ಊರು ಕಳ್ಕೊಂಡ ಕಡೆಯ ಜನಕ್ಕೆ ಹೆಸರಿನ ಬೆಲೆ ಚೆನ್ನಾಗಿ ಗೊತ್ತು.

ಊರಲ್ಲಿ ಭಜನೆ ಕೂತವರನ್ನು ನೋಡಿ. ಒಂದು ಹಾರ್ಮೋನಿಯಂ, ಒಂದು ತಬಲಾ, ನಾಲ್ಕಾರು ಜೊತೆ ತಾಳ. ಯಾರೂ ಸಂಗೀತ ಶಾಲೆಗೆ ಹೋದವರಲ್ಲ. ಹೊಲದಿಂದ ಬಂದು ಕೈಕಾಲು ತೊಳ್ಕೊಂಡು ಕೂತವರು. ಶರೀಫರ ಪದ ಎತ್ತಿಕೊಂಡರೆ ಅವಸರ ಇಲ್ಲ, ಎಲ್ಲಾ ಚರಣ ಆಗಬೇಕು. ಅಂಕಿತ ಬಂದಾಗ ತಾಳ ಸ್ವಲ್ಪ ನಿಧಾನ ಆಗುತ್ತೆ, ಮುಂದೆ ಹಾಡುವವರು ಕೈ ಎತ್ತುತ್ತಾರೆ, ಹಿಂದಿನವರೆಲ್ಲ ಆ ಪದವನ್ನು ಇನ್ನೊಂದು ಸಲ ತಿರುಗಿಸಿ ಹಾಡ್ತಾರೆ. ಒಂದು ಸಲ ನಾವು ಯಾಕೆ ಹಾಗೆ ಅಂತ ಕೇಳಿದ್ದಕ್ಕೆ ತಾಳ ಹಾಕ್ತಿದ್ದ ಅಜ್ಜ ಹೇಳಿದ್ದು ಇಷ್ಟೇ: “ಸಹಿ ಇಲ್ಲದ ಚೀಟಿ ಯಾರ್ ತಗೊಂತಾರ ತಮ್ಮಾ?” ಕಾಪಿರೈಟ್ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳೋಕೆ ಲಾಯರಿಗೂ ಆಗಲ್ಲ.

ಸಹಿ ಇಲ್ಲದ ಹಾಡಿಗೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದಿಂದಲೇ ಒಂದು ಉದಾಹರಣೆ ಕೊಡ್ತೀವಿ. ಎಲಿಜಬೆತ್ ಕಾಟನ್ ಅಂತ ಒಬ್ಬ ಅಜ್ಜಿ. ಹುಟ್ಟಿದ್ದು ನಾರ್ತ್ ಕೆರೊಲಿನಾದಲ್ಲಿ, 1893ರಲ್ಲಿ. ಎಡಗೈಯವಳು, ಆದ್ದರಿಂದ ಗಿಟಾರನ್ನು ತಲೆಕೆಳಗಾಗಿ ಹಿಡಿದು ತಾನೇ ಕಲಿತಳು. ಮನೆ ಹತ್ತಿರ ಹೋಗುತ್ತಿದ್ದ ಗೂಡ್ಸ್ ರೈಲಿನ ಸದ್ದು ಕೇಳ್ತಾ ಹನ್ನೆರಡರ ಆಸುಪಾಸಿನ ವಯಸ್ಸಲ್ಲೇ ‘ಫ್ರೇಟ್ ಟ್ರೇನ್’ ಹಾಡು ಕಟ್ಟಿದಳು. ಆಮೇಲೆ ಮದುವೆ, ಮನೆಗೆಲಸ, ದಶಕಗಳ ಕಾಲ ಗಿಟಾರನ್ನೇ ಮುಟ್ಟಲಿಲ್ಲ. ಸೀಗರ್ ಅನ್ನೋ ಸಂಗೀತಗಾರರ ಮನೆಗೆ ಕೆಲಸಕ್ಕೆ ಸೇರಿದಾಗ ಗೋಡೆ ಮೇಲಿದ್ದ ಗಿಟಾರು ಮತ್ತೆ ಕೈಗೆ ಬಂತು. ಆ ಮನೆಯ ಮಗಳು ಪೆಗ್ಗಿ ಸೀಗರ್ ಈ ಹಾಡನ್ನು ಇಂಗ್ಲೆಂಡಿಗೆ ತಗೊಂಡು ಹೋದಳು. ಅಲ್ಲಿ ಬೇರೆ ಇಬ್ಬರು ಅದನ್ನು ತಮ್ಮದೇ ರಚನೆ ಅಂತ ರಿಜಿಸ್ಟರ್ ಮಾಡಿಸಿಕೊಂಡರು, 1957ರಲ್ಲಿ ಹಾಡು ಹಿಟ್ ಆಯಿತು. ನಿಜವಾಗಿ ಕಟ್ಟಿದವಳು ಆಗಲೂ ಮನೆಗೆಲಸ ಮಾಡ್ತಿದ್ದಳು. ಹಾಡು ತನ್ನದು ಅಂತ ಆಕೆಗೆ ಮತ್ತೆ ಹೆಸರು ಸಿಗೋಕೆ ಹೋರಾಟ ಆಗಬೇಕಾಯಿತು. 1958ರಲ್ಲಿ ಆಕೆಯ ಮೊದಲ ಆಲ್ಬಂ ಬಂದಾಗ ವಯಸ್ಸು ಅರವತ್ತು ದಾಟಿತ್ತು. 1985ರಲ್ಲಿ, ತೊಂಬತ್ತು ದಾಟಿದ ಮೇಲೆ, ಗ್ರ್ಯಾಮಿ ಬಂತು.

ಈಗ ಯೋಚನೆ ಮಾಡಿ. ಆಕೆಯ ಹಾಡಿನ ಒಳಗೆ ಅಂಕಿತ ಇರಲಿಲ್ಲ, ಆದ್ದರಿಂದ ಕದಿಯೋದು ಸುಲಭ ಆಯಿತು. ನಮ್ಮ ಹಾಡುಗಳಲ್ಲಿ ಅಂಕಿತ ಇದೆ, ನಾವೇ ತೆಗೆದು ಬಿಸಾಡ್ತಾ ಇದ್ದೀವಿ. ಯಾವುದು ಹೆಚ್ಚು ಬೇಜಾರಿನ ವಿಷಯ?

ಇದಕ್ಕೆ ವಿರುದ್ಧವಾಗಿ ಎರಡು ಮಾತು ಬರುತ್ತೆ ಅಂತ ಗೊತ್ತು. ಮೊದಲನೇದು: ಅಂಕಿತ ಅಂದ್ರೆ ದೇವರ ಹೆಸರು, ಕವಿಯ ಹೆಸರಲ್ಲ. ತಾನು ಅನ್ನೋದನ್ನು ಬಿಟ್ಟವರು ಅವರು, ಅವರಿಗೆ ಕ್ರೆಡಿಟ್ ಬೇಕಾಗಿರಲಿಲ್ಲ, ನೀವ್ಯಾಕೆ ಕ್ರೆಡಿಟ್ ಕ್ರೆಡಿಟ್ ಅಂತೀರಿ? ಮಾತು ಸರಿ, ಆದ್ರೆ ಅರ್ಧ ಮಾತ್ರ. ಶರೀಫರು ತಮ್ಮ ಅಹಂಕಾರ ಬಿಟ್ಟಿದ್ದು ಅವರ ದೊಡ್ಡತನ. ಅವರ ಗುರುತನ್ನು ನಾವು ಬಿಟ್ಟರೆ ಅದು ನಮ್ಮ ಸೋಮಾರಿತನ. ಇನ್ನೊಬ್ಬರ ಪರವಾಗಿ ನಾವು ವಿನಯ ತೋರಿಸೋಕೆ ಬರಲ್ಲ. ಅವರು ತಮಗಾಗಿ ಇಡೀ ಹಾಡಲ್ಲಿ ಉಳಿಸಿಕೊಂಡಿದ್ದು ಒಂದೇ ಒಂದು ಪದ, ಅದನ್ನಾದ್ರೂ ಹಾಡಿ.

ಎರಡನೇದು: ಹಾಡು ಜನರ ಬಾಯಿಗೆ ಬಂದ ಮೇಲೆ ಜನರದ್ದೇ, ಹಾಗಾಗಿ ಅದು ಜಾನಪದ. ಇಲ್ಲೂ ಗೊಂದಲ ಇದೆ. ನಿಜವಾದ ಜನಪದ ಗೀತೆಗಳು ಬೇಕಾದಷ್ಟಿವೆ. ಬೀಸುವಾಗ, ಕುಟ್ಟುವಾಗ, ನಾಟಿ ಮಾಡುವಾಗ ಹಾಡುವ ಪದಗಳಿಗೆ ಒಬ್ಬ ಕರ್ತೃ ಇಲ್ಲ. ಎಷ್ಟೋ ತಲೆಮಾರಿನ ಹೆಂಗಸರು ಸೇರಿ ಕಟ್ಟಿದ್ದು, ಅದೇ ಅದರ ಚೆಂದ. ಅವನ್ನು ಜಾನಪದ ಅನ್ನಿ, ಹೆಮ್ಮೆಯಿಂದ ಅನ್ನಿ. ಆದ್ರೆ ಜನ ಹಾಡೋದು ಬೇರೆ, ಜನ ಕಟ್ಟಿದ್ದು ಬೇರೆ. ಕುವೆಂಪು ಹಾಡನ್ನೂ ಇಡೀ ನಾಡೇ ಹಾಡುತ್ತೆ, ಅದಕ್ಕೆ ಯಾರೂ ಜಾನಪದ ಅನ್ನಲ್ಲ. ಹಳ್ಳಿಯ ಮಾತಲ್ಲಿ ಬರೆದರೆ ಜಾನಪದ, ಪುಸ್ತಕದ ಮಾತಲ್ಲಿ ಬರೆದರೆ ಕವಿತೆ ಅನ್ನೋ ಲೆಕ್ಕ ಯಾರು ಮಾಡಿದ್ದು?

ಕಾನೂನಿನ ಭಯ ಏನೂ ಇಲ್ಲ ಅನ್ನೋದನ್ನೂ ಹೇಳಿಬಿಡ್ತೀವಿ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡು 60 ವರ್ಷದ ತನಕ ಹಕ್ಕು ಇರುತ್ತೆ. ಶರೀಫರದ್ದೂ ಭೀಮವ್ವನವರದ್ದೂ ಯಾವಾಗಲೋ ಮುಗಿದಿದೆ. ರಾಗ ಬದಲಾಯಿಸಿ, ರಾಕ್ ಮಾಡಿ, ಬ್ಲೂಸ್ ಮಾಡಿ, ಬೀಟ್ ಹಾಕಿ, ನಮ್ಮ ತಕರಾರಿಲ್ಲ. ಹಾಡು ಬದಲಾಗ್ತಾ ಇರಲೇಬೇಕು. ಭಾರತಕ್ಕೆ ಗ್ರಾಮಫೋನ್ ರೆಕಾರ್ಡಿಂಗ್ ಬಂದಿದ್ದೇ 1902ರಲ್ಲಿ, ಶರೀಫರು ಹೋಗಿ ಹದಿಮೂರು ವರ್ಷ ಆದ ಮೇಲೆ. ಅವರ ದನಿ ನಮಗೆ ಯಾವತ್ತೂ ಸಿಗಲ್ಲ. ಸಿಗೋದು ಪದಗಳು ಮತ್ತು ಆ ಸಹಿ ಮಾತ್ರ. ಕೇಳ್ತಿರೋದು ದುಡ್ಡಲ್ಲ, ಹತ್ತು ಸೆಕೆಂಡು.

ಇದೇ ಮಾತು ಬದುಕಿರೋ ಕಲಾವಿದರಿಗೆ ಇನ್ನೂ ಜಾಸ್ತಿ ಅನ್ವಯಿಸುತ್ತೆ. ಕಾಲೇಜು ಕಾರ್ಯಕ್ರಮದ ಆಮಂತ್ರಣ ಪತ್ರಿಕೆಗಳನ್ನು ಗಮನಿಸಿ. ಮುಖ್ಯ ಅತಿಥಿಗಳ ಹೆಸರಿನ ಹಿಂದೆ ಮುಂದೆ ಡಿಗ್ರಿಗಳು, ಹುದ್ದೆಗಳು, ನಾಲ್ಕು ಸಾಲು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಜಾನಪದ ಕಲಾತಂಡದಿಂದ ಕಾರ್ಯಕ್ರಮ’. ಯಾವ ತಂಡ? ಯಾವ ಊರು? ಹಾಡುವವರು ಯಾರು? ಅತಿಥಿಗಳ ಭಾಷಣ ಎಳೆದುಹೋದ್ರೆ ಮೊದಲು ಕಟ್ ಆಗೋದೂ ಆ ತಂಡದ ಟೈಮೇ. ನಮ್ಮ ಜಿಲ್ಲೆಗೆ ಇದು ಒಪ್ಪುವ ಮಾತಲ್ಲ. ಮರಿಯಮ್ಮನಹಳ್ಳಿಯಲ್ಲಿರೋ ಮಂಜಮ್ಮ ಜೋಗತಿ ಅವರು ಎಲ್ಲಮ್ಮನ ಪದ ಹಾಡ್ತಾ ಕುಣೀತಾ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು, 2021ರಲ್ಲಿ ಪದ್ಮಶ್ರೀ ಪಡೆದವರು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು ಓದು ಬರಹ ಇಲ್ಲದೆಯೇ ರಾತ್ರಿಗಟ್ಟಲೆ ಹಾಡೋ ಕಾವ್ಯಗಳನ್ನು ನೆನಪಲ್ಲಿಟ್ಟುಕೊಂಡಿದ್ದರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತ್ತು, 2014ರಲ್ಲಿ ಹೋದರು. ಇವರಿಗೆ ಹೆಸರು ಸಿಕ್ಕಿತು. ಪ್ರಶಸ್ತಿ ಬಂದವರಿಗೆ ಮಾತ್ರ ಹೆಸರು, ಉಳಿದವರೆಲ್ಲ ‘ತಂಡ’ ಅನ್ನೋದು ನ್ಯಾಯ ಅಲ್ಲ.

ಹಾಗಾದ್ರೆ ಏನು ಮಾಡಬೇಕು? ದೊಡ್ಡ ಯೋಜನೆ ಏನೂ ಬೇಡ, ಖರ್ಚೂ ಇಲ್ಲ.

ಫೆಸ್ಟಿನ ಜಾನಪದ ಸ್ಪರ್ಧೆಗೆ ಹೆಸರು ಕೊಡುವ ಫಾರಂನಲ್ಲಿ ಇನ್ನೊಂದು ಕಾಲಂ ಸೇರಿಸಿ: ಹಾಡು ಕಟ್ಟಿದವರು ಯಾರು, ಗೊತ್ತಿಲ್ಲದ್ದಾದ್ರೆ ಯಾವ ಕಡೆಯ ಹಾಡು, ಯಾರಿಂದ ಕಲಿತಿರಿ. ಅಜ್ಜಿಯಿಂದ ಕಲಿತಿದ್ದಾದ್ರೆ ಅಜ್ಜಿ ಹೆಸರೇ ಬರೀರಿ, ಅದಕ್ಕಿಂತ ಒಳ್ಳೇ ಉತ್ತರ ಬೇಕಾಗಿಲ್ಲ. ಆಂಕರ್ ಕೈಗೆ ಆ ಫಾರಂ ಕೊಡಿ. ಟೈಮ್ ಕಡಿಮೆ ಇದ್ರೆ ನಡುವಿನ ಚರಣ ಬಿಡಿ, ಪಲ್ಲವಿ ಐದು ಸಲದ ಬದಲು ಎರಡು ಸಲ ಹಾಡಿ, ಕೊನೇದನ್ನು ಮಾತ್ರ ಬಿಡಬೇಡಿ. ರೀಲ್ಸ್ ಮಾಡೋರು ಕ್ಯಾಪ್ಷನ್ನಿನಲ್ಲಿ ಒಂದು ಸಾಲು ಹಾಕಿ. ಹ್ಯಾಷ್‌ಟ್ಯಾಗ್ ಹತ್ತು ಹಾಕೋರಿಗೆ ಹೆಸರು ಒಂದು ಭಾರ ಆಗಲ್ಲ. ಊರ ತಂಡ ಕರೆಸೋದಾದ್ರೆ ಆಮಂತ್ರಣದಲ್ಲಿ ಹಾಡುವವರ ಹೆಸರು, ಊರು ಅಚ್ಚಾಗಲಿ, ಮಾತಾಡಿದ ಸಂಭಾವನೆ ಅವತ್ತೇ ಕೈಗೆ ಸಿಗಲಿ.

ಈ ನವೆಂಬರ್ ರಾಜ್ಯೋತ್ಸವಕ್ಕೆ ನಮ್ಮ ಕ್ಲಬ್ಬಿನ ಸೆಕೆಂಡ್ ಇಯರ್ ತಂಡ ಎರಡು ಹಾಡು ತಗೊಂಡಿದೆ, ಶರೀಫರದ್ದೊಂದು, ಭೀಮವ್ವನವರದ್ದೊಂದು. ಗಿಟಾರೂ ಇರುತ್ತೆ, ತಾಳವೂ ಇರುತ್ತೆ. ಎರಡೂ ಪೂರ್ತಿ ಹಾಡ್ತೀವಿ. ಟೈಮ್ ಮುಗೀತು ಅಂತ ಬೆಲ್ ಹೊಡೆದ್ರೂ ಅಂಕಿತ ಬರೋ ತನಕ ಮೈಕ್ ಬಿಡಲ್ಲ. ಮಾರ್ಕು ಕಟ್ ಮಾಡೋರು ಮಾಡಲಿ.